ವಿಕ್ರೋಲಿ ದಾಟುವಾಗ ಒಮ್ಮೆ ತಲೆಯೆತ್ತಿ ನೋಡಿ

ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಹತ್ತಿದವರಿಗೆ ಎರಡು ಕಾಲೂರಲು ಜಾಗ ಸಿಕ್ಕರೆ ಅದೇ ದೊಡ್ಡದು. ಕಿಟಕಿಯಾಚೆ ಏನಿದೆಯೆಂದು ನೋಡುವ ಪುರಸೊತ್ತು ಯಾರಿಗೂ ಇಲ್ಲ. ಥಾಣೆ, ಮುಲುಂಡ್, ಭಾಂಡುಪ್, ಕಾಂಜುರ್‌ಮಾರ್ಗ್ ಕಳೆದು ವಿಕ್ರೋಲಿ ಬರುತ್ತದೆ. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದೂ ಇಲ್ಲ. ವಿಕ್ರೋಲಿಯ ಗೋದ್ರೆಜ್ ಎಂದರೆ ನಮ್ಮ ಅಮ್ಮಂದಿರಿಗೆ ಬೀರು, ಅಪ್ಪಂದಿರಿಗೆ ಬೀಗ. ಆದರೆ ಅದೇ ಗೋದ್ರೆಜ್ 1980ರ ದಶಕದಿಂದ ಇಸ್ರೋಗೆ ರಾಕೆಟ್ ಇಂಜಿನ್ನುಗಳನ್ನೂ ಮಾಡಿಕೊಡುತ್ತ ಬಂದಿದೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಶ್ರೀಹರಿಕೋಟಾದಿಂದ ಎದ್ದ ಎಲ್‌ವಿಎಂ-3 ರಾಕೆಟ್ಟಿನ ನಡುವಿನ ಹಂತದಲ್ಲಿ ಉರಿದ ಎರಡು ವಿಕಾಸ್ ಇಂಜಿನ್, ಮೇಲಿನ ಹಂತದ ಕ್ರಯೋಜೆನಿಕ್ ಇಂಜಿನ್ನಿನ ಥ್ರಸ್ಟ್ ಚೇಂಬರ್, ಎರಡಕ್ಕೂ ಗೋದ್ರೆಜ್ ಕೆಲಸಗಾರರ ಕೈ ತಾಗಿದೆ. ಅದೇ ರಾಕೆಟ್ಟಿನ ಬದಿಯ ದೈತ್ಯ ಬೂಸ್ಟರುಗಳ ಭಾಗಗಳು ಅಲ್ಲೇ ಪಕ್ಕದ ಪೊವಾಯಿಯ ಲಾರ್ಸನ್ ಅಂಡ್ ಟೂಬ್ರೊ ಕಾರ್ಖಾನೆಯಿಂದ ಹೋದವು.

ಅದೇ ವರ್ಷದ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನದ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಕಾಲೂರಿದಾಗ ಲೋಕಲ್ ಗಾಡಿಯೊಳಗೆ ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು, ಅಪರಿಚಿತರು ಕೈ ಕುಲುಕಿಕೊಂಡರು. ನಾವು ದಿನಾ ಎರಡು ಸಲ ದಾಟುವ ಊರಿನ ಲೋಹ ಆ ಪ್ರಯಾಣದಲ್ಲಿತ್ತು ಎಂಬುದು ನನಗೂ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಈ ಲೇಖನ ಬರೆಯಬೇಕೆನಿಸಿತು.

ಯಾಕೆಂದರೆ ನಮ್ಮ ಕಡೆಯ ಸಂಘಗಳ ಸಮಾರಂಭಗಳಲ್ಲಿ, ಯಕ್ಷಗಾನದ ನಡುವಿನ ಚಹಾದ ಹೊತ್ತಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಈಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಮಗಳು ಇಸ್ರೋಗೆ ಹೋಗ್ತೇನೆ ಅಂತಾಳೆ ಮಾರಾಯ್ರೆ, ಏರೋಸ್ಪೇಸ್ ಎಲ್ಲಿ ಚೆನ್ನಾಗಿದೆ?’ ಕೇಳುವವರ ಕಣ್ಣಲ್ಲಿ ಹೆಮ್ಮೆಯೂ ಇರುತ್ತದೆ, ಹೆದರಿಕೆಯೂ ಇರುತ್ತದೆ. ಕೋಚಿಂಗ್ ಕ್ಲಾಸಿನ ಕಟೌಟುಗಳು ಆ ಹೆದರಿಕೆಯ ಮೇಲೆಯೇ ನಿಂತಿವೆ. ಅವರಿಗೆ ಮೊದಲು ಹೇಳಬೇಕಾದ ಮಾತು ಒಂದೇ: ಪ್ರಶ್ನೆಯಲ್ಲೇ ತಪ್ಪಿದೆ. ಬಾಹ್ಯಾಕಾಶಕ್ಕೆ ಹೋಗುವ ದಾರಿ ಏರೋಸ್ಪೇಸ್ ಎಂಬ ಒಂದೇ ಬಾಗಿಲಿನಿಂದ ಹೊರಡುವುದಿಲ್ಲ.

ಇಸ್ರೋ ತನ್ನ ವಿಜ್ಞಾನಿ-ಇಂಜಿನಿಯರುಗಳನ್ನು ಆರಿಸಿಕೊಳ್ಳುವ ಮುಖ್ಯ ಹುದ್ದೆಗೆ ‘ಸೈಂಟಿಸ್ಟ್/ಇಂಜಿನಿಯರ್ ಎಸ್‌ಸಿ’ ಎಂದು ಹೆಸರು. (ಇಲ್ಲಿ ಎಸ್‌ಸಿ ಎನ್ನುವುದು ದರ್ಜೆಯ ಗುರುತು, ಮೀಸಲಾತಿ ಎಂದುಕೊಂಡು ಅರ್ಜಿಯನ್ನೇ ಹಾಕದೆ ಬಿಟ್ಟವರನ್ನು ನಾನು ಕಂಡಿದ್ದೇನೆ.) ಈ ಹುದ್ದೆಗೆ ಹೆಚ್ಚಾಗಿ ಕರೆಯುವುದು ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಸೈನ್ಸ್ ಪದವೀಧರರನ್ನು. ಸಿವಿಲ್, ಎಲೆಕ್ಟ್ರಿಕಲ್, ರೆಫ್ರಿಜರೇಶನ್ ಓದಿದವರಿಗೂ ಆಗಾಗ ಕರೆ ಬರುತ್ತದೆ. ಉಡಾವಣಾ ವೇದಿಕೆ ಕಟ್ಟುವವರು ಬೇಕಲ್ಲ, ಉಪಗ್ರಹ ಜೋಡಿಸುವ ಕೋಣೆಯನ್ನು ತಂಪಾಗಿ, ಧೂಳಿಲ್ಲದೆ ಇಡುವವರು ಬೇಕಲ್ಲ. ಪದವಿಯಲ್ಲಿ ಶೇಕಡಾ 65 ಅಂಕ ಅಥವಾ 6.84 ಸಿಜಿಪಿಎ ಇರಬೇಕು. ಇತ್ತೀಚಿನ ಅಧಿಸೂಚನೆಗಳಲ್ಲಿ ಸಾಮಾನ್ಯ ವರ್ಗದ ವಯೋಮಿತಿ 28. ಕಾಲೇಜಿನ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ನೆರೂಳ್, ವಾಶಿ, ಪನ್ವೇಲ್, ಐರೋಲಿ, ಥಾಣೆಗಳಲ್ಲಿ ಕೂತಿರುವ ಹತ್ತಾರು ಇಂಜಿನಿಯರಿಂಗ್ ಕಾಲೇಜುಗಳ ಯಾವುದೇ ಹುಡುಗಿ, ಅಂಕ ಕಾಪಾಡಿಕೊಂಡಿದ್ದರೆ, ಐಐಟಿಯವರ ಪಕ್ಕದಲ್ಲೇ ಕೂತು ಪರೀಕ್ಷೆ ಬರೆಯಬಹುದು. ಅಂಕ ಕಾಪಾಡಿಕೊಳ್ಳುವುದು ಎಂಬಲ್ಲಿಯೇ ಎಷ್ಟೋ ಮಂದಿ ಸೋಲುತ್ತಾರೆ. ಮೊದಲ ವರ್ಷದ ಎರಡು ಸೆಮಿಸ್ಟರುಗಳನ್ನು ಹಗುರವಾಗಿ ಕಂಡು 6.5ಕ್ಕೆ ನಿಂತುಬಿಟ್ಟವನು ಆಮೇಲೆ ಎಷ್ಟು ಬುದ್ಧಿವಂತನಾದರೂ ಅರ್ಜಿಯ ಮೊದಲ ಗೆರೆಯಲ್ಲೇ ಹೊರಗುಳಿಯುತ್ತಾನೆ. ಹನ್ನೆರಡನೆಯ ತರಗತಿಯವರೆಗೆ ಮಕ್ಕಳ ಬೆನ್ನು ಬಿಡದ ತಾಯ್ತಂದೆಯರು ಈ ಸಂಗತಿಯನ್ನು ಆ ಮೊದಲ ವರ್ಷದಲ್ಲಿ ಹೇಳಿದರೆ ಸಾಕು.

ನೇರ ದಾರಿಯೂ ಒಂದಿದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ತಿರುವನಂತಪುರದ ಬಳಿ ವಲಿಯಮಲದಲ್ಲಿ 2007ರಲ್ಲಿ ಶುರುವಾದ ಐಐಎಸ್‌ಟಿ ಬಾಹ್ಯಾಕಾಶಕ್ಕೆಂದೇ ಇರುವ ಕಾಲೇಜು. ಏರೋಸ್ಪೇಸ್, ಏವಿಯಾನಿಕ್ಸ್, ಇಂಜಿನಿಯರಿಂಗ್ ಫಿಸಿಕ್ಸ್ ಅಲ್ಲಿನ ಮುಖ್ಯ ಪದವಿಗಳು. ಜೆಇಇ ಅಡ್ವಾನ್ಸ್‌ಡ್ ದಾಟಿದವರಿಗೆ ಪ್ರವೇಶ. ಡೊಂಬಿವಲಿಯ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದಂಥ ಶಾಲೆಗಳಿಂದ ಬರುವ ಮಕ್ಕಳು ನೆನಪಿಡಬೇಕಾದ ವಿಷಯ ಇಲ್ಲೊಂದಿದೆ. 2021ರಿಂದ ಜೆಇಇ ಮೇನ್ ಅನ್ನು ಕನ್ನಡದಲ್ಲೂ ಬರೆಯಬಹುದು, ಮರಾಠಿಯಲ್ಲೂ ಬರೆಯಬಹುದು. ಅಡ್ವಾನ್ಸ್‌ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ. ಕನ್ನಡದಲ್ಲಿ ಗಣಿತ ಕಲಿತ ಮಗುವಿಗೆ ಬುದ್ಧಿ ಕಡಿಮೆಯಿರುವುದಿಲ್ಲ. ‘ಕೋನೀಯ ಸಂವೇಗ’ವನ್ನು ಇಂಗ್ಲಿಷಿನಲ್ಲಿ ಗುರುತಿಸಲು ಒಂದು ವರ್ಷ ಮುಂಚಿತವಾಗಿ ಅಭ್ಯಾಸ ಬೇಕು, ಅಷ್ಟೇ.

ಡಿಪ್ಲೊಮಾ ಎಂದರೆ ಮುಖ ಸಣ್ಣದಾಗಬೇಕಿಲ್ಲ

ಈಗ ಇಸ್ರೋದ ಅಧ್ಯಕ್ಷರಾಗಿರುವ ವಿ. ನಾರಾಯಣನ್ 2025ರ ಜನವರಿಯಲ್ಲಿ ಆ ಕುರ್ಚಿಗೆ ಬಂದರು. ಕನ್ಯಾಕುಮಾರಿ ಜಿಲ್ಲೆಯ ಹಳ್ಳಿಯಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರು. ಹತ್ತನೆಯದರ ನಂತರ ಅವರು ಹಿಡಿದದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಕೆಲವು ಕಾರ್ಖಾನೆಗಳಲ್ಲಿ ಸ್ವಲ್ಪ ಕಾಲ ದುಡಿದು 1984ರಲ್ಲಿ ಇಸ್ರೋ ಸೇರಿದರು. ಕೆಲಸ ಮಾಡುತ್ತಲೇ ಇಂಜಿನಿಯರಿಂಗ್ ಪದವಿಗೆ ಸಮವಾಗಿದ್ದ ಎಎಂಐಇ ಮುಗಿಸಿ, ಖರಗ್‌ಪುರ ಐಐಟಿಯಲ್ಲಿ ಕ್ರಯೋಜೆನಿಕ್ ಇಂಜಿನಿಯರಿಂಗ್ ಎಂಟೆಕ್ ಮಾಡಿ, ಮುಂದೆ ಪಿಎಚ್‌ಡಿಯನ್ನೂ ಪಡೆದರು. ಮೈನಸ್ 253 ಡಿಗ್ರಿಯಲ್ಲಿ ದ್ರವವಾಗುವ ಹೈಡ್ರೋಜನ್ನನ್ನು ಪಳಗಿಸುವ ಇಂಜಿನ್ನುಗಳಿಗೇ ತಮ್ಮ ಜೀವನ ಕೊಟ್ಟರು. ವಿಕ್ರೋಲಿಯಿಂದ ಥ್ರಸ್ಟ್ ಚೇಂಬರ್ ಹೋಯಿತೆಂದು ಮೇಲೆ ಹೇಳಿದೆನಲ್ಲ, ಆ ಬಗೆಯ ಇಂಜಿನ್.

ನಮ್ಮ ಮನೆಗಳಲ್ಲಿ ಮಗ ಡಿಪ್ಲೊಮಾ ಸೇರುತ್ತೇನೆಂದರೆ ಮುಖ ಸಣ್ಣದಾಗುತ್ತದೆ. ಐಟಿಐ ಎಂದರಂತೂ ನೆಂಟರಿಗೆ ಹೇಳುವುದೇ ಇಲ್ಲ. ಮುಂಬಯಿ ಕನ್ನಡಿಗರು ಹೀಗೆ ಯೋಚಿಸುವುದು ನನಗೆ ನಿಜವಾಗಿ ನೋವು ಕೊಡುತ್ತದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ರಾತ್ರಿಶಾಲೆಯ ಬೆಂಚಿನಲ್ಲಿ ಕೂತು ಮೆಟ್ರಿಕ್ ಮುಗಿಸಿದ ಅಜ್ಜಂದಿರ ವಂಶ ನಮ್ಮದು. ಮೊಗವೀರರು, ಬಿಲ್ಲವರು, ಬಂಟರು, ಎಲ್ಲ ಸಮಾಜದವರೂ ಸೇರಿ ಈ ನಗರದಲ್ಲಿ ಕಟ್ಟಿದ ಕನ್ನಡ ರಾತ್ರಿಶಾಲೆಗಳಿಂದ ಬ್ಯಾಂಕ್ ಅಧಿಕಾರಿಗಳು, ವಕೀಲರು, ಪ್ರಾಧ್ಯಾಪಕರು ಹೊರಬಂದರು. ದುಡಿಯುತ್ತ ಓದುವುದು ನಮಗೆ ಹೊಸತಲ್ಲ. ನಾರಾಯಣನ್ ಅವರ ಬದುಕು ಓದಿದಾಗ ನನಗೆ ನೆನಪಾದದ್ದು ಅಂಥ ಅಜ್ಜಂದಿರೇ.

ಒಂದು ಎಚ್ಚರ ಮಾತ್ರ ಹೇಳಲೇಬೇಕು. ಅವರು ಹಿಡಿದ ಎಎಂಐಇ ದಾರಿ ಇಂದು ಹಾಗೆಯೇ ಇಲ್ಲ. 2013ರ ಮೇ ನಂತರ ಹೆಸರು ನೋಂದಾಯಿಸಿದವರಿಗೆ ಅದು ಇಂಜಿನಿಯರಿಂಗ್ ಪದವಿಗೆ ಸಮ ಎಂಬ ಮಾನ್ಯತೆ ಸಿಗುವುದಿಲ್ಲ. ಈಗಿನ ದಾರಿ ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವುದು. ಮಹಾರಾಷ್ಟ್ರದಲ್ಲಿ ಇದಕ್ಕೆ ಪ್ರತ್ಯೇಕ ಪ್ರವೇಶ ಪ್ರಕ್ರಿಯೆಯೇ ಇದೆ. ಹಳೆಯ ಕತೆ ನಂಬಿ ಹಣ ಕಟ್ಟಿ ಕೂತವರಿಗೆ ಯಾರೂ ಇದನ್ನು ತಿಳಿಸಿರುವುದಿಲ್ಲ.

ಪ್ರಥಮ ದರ್ಜೆಯ ಡಿಪ್ಲೊಮಾದವರಿಗೆ ಇಸ್ರೋದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆ ಇದೆ. ಎಸ್ಸೆಸ್ಸೆಲ್ಸಿ ಜೊತೆಗೆ ಐಟಿಐ ಇದ್ದರೆ ಟೆಕ್ನಿಶಿಯನ್ ಬಿ: ಫಿಟ್ಟರ್, ಟರ್ನರ್, ಮೆಶಿನಿಸ್ಟ್, ವೆಲ್ಡರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್. ಕಲ್ಯಾಣ್ ಮುಂದಿನ ಅಂಬರನಾಥದಲ್ಲಿ ಸರಕಾರಿ ಐಟಿಐ ಇದೆ, ಆರ್ಡ್‌ನನ್ಸ್ ಫ್ಯಾಕ್ಟರಿ ಇದೆ, ಡಿಆರ್‌ಡಿಒದ ನೌಕಾ ಸಾಮಗ್ರಿ ಸಂಶೋಧನಾಲಯವೂ ಇದೆ. ಲೇತಿನ ಮುಂದೆ ನಿಂತು ಕೂದಲೆಳೆಗಿಂತ ಸಣ್ಣ ಅಳತೆಯನ್ನು ಬೆರಳಿನಲ್ಲಿ ಅರಿಯುವ ಜನ ಈ ಪ್ರದೇಶದಲ್ಲಿ ತಲೆಮಾರುಗಳಿಂದ ಇದ್ದಾರೆ. ರಾಕೆಟ್ ಇಂಜಿನ್ನಿನ ಇಂಜೆಕ್ಟರಿನಲ್ಲಿ ಒಂದು ರಂಧ್ರ ತುಸು ವಾರೆಯಾದರೂ ಇಂಧನ ಸಮನಾಗಿ ಬೆರೆಯದು, ಬೆಂಕಿ ಗೋಡೆಯನ್ನು ತಿನ್ನುತ್ತದೆ. ವಿನ್ಯಾಸ ಬರೆದವರ ಪಿಎಚ್‌ಡಿಯನ್ನು ಕೊನೆಗೆ ಉಳಿಸುವುದು ಆ ರಂಧ್ರ ಕೊರೆದ ಕೈ. ಹಾಗಾಗಿ ಇಸ್ರೋ ಕೇಂದ್ರಗಳು ಪ್ರತಿ ವರ್ಷ ಕರೆಯುವ ಅಪ್ರೆಂಟಿಸ್ ತರಬೇತಿಯನ್ನು ಐಟಿಐ ಮತ್ತು ಡಿಪ್ಲೊಮಾ ಹುಡುಗರು ಕೈಬಿಡಬಾರದು. ಒಂದು ವರ್ಷದ ಕೊನೆಗೆ ಕಾಯಂ ಕೆಲಸದ ಭರವಸೆ ಇರುವುದಿಲ್ಲ, ನಿಜ. ಆದರೆ ಅಂಥ ಕಾರ್ಯಾಗಾರದಲ್ಲಿ ನಿಂತು ಬಂದವನನ್ನು ಖಾಸಗಿ ಕಂಪನಿಗಳು ಬೇರೆಯೇ ಕಣ್ಣಿನಿಂದ ನೋಡುತ್ತವೆ.

ಹೋಟೆಲು ಮನೆತನದವರಿಗೆ ಇನ್ನೊಂದು ಮಾತು. ಗಗನಯಾನಕ್ಕೆ ಹೊರಡುವವರ ಊಟ ರೂಪುಗೊಂಡದ್ದು ಮೈಸೂರಿನ ಡಿಎಫ್‌ಆರ್‌ಎಲ್ ಎಂಬ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ. ಇಡ್ಲಿಯೂ ಆ ಪಟ್ಟಿಯಲ್ಲಿದೆ. ಆಹಾರ ತಂತ್ರಜ್ಞಾನ ಓದುವ ಮಗಳಿಗೂ ಬಾಹ್ಯಾಕಾಶ ದೂರವಿಲ್ಲ.

ಪನ್ವೇಲಿನಲ್ಲಿ ಸೂರ್ಯನ ಲೆಕ್ಕ

ನವಿಮುಂಬಯಿಯ ಮಂದಿಗೆ ತಮ್ಮ ಊರಿನ ಬಗ್ಗೆ ಗೊತ್ತಿಲ್ಲದ ಸಂಗತಿಗಳಲ್ಲಿ ಇದು ಅತ್ಯಂತ ದೊಡ್ಡದು ಎಂದು ನನ್ನ ನಂಬಿಕೆ. ನ್ಯೂ ಪನ್ವೇಲಿನಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆ ಇದೆ. ಇಂಗ್ಲಿಷ್ ಹೆಸರಿನಿಂದ ಐಐಜಿ. ಭೂಮಿಯ ಸುತ್ತಲಿನ ಕಾಂತಕ್ಷೇತ್ರ, ಅಯಾನುಗೋಳ, ಸೂರ್ಯನಿಂದ ಬೀಸಿ ಬರುವ ಕಣಗಳ ಗಾಳಿ, ಅಂದರೆ ‘ಬಾಹ್ಯಾಕಾಶ ಹವಾಮಾನ’ ಅವರ ವಿಷಯ. ಅಂಟಾರ್ಕ್ಟಿಕಾದ ಮೈತ್ರಿ ನೆಲೆಯಲ್ಲೂ ಅವರ ಉಪಕರಣಗಳಿವೆ.

ಈ ಸಂಸ್ಥೆಯ ಬೇರು ಇರುವುದು ಕೊಲಾಬಾದ ಹಳೆಯ ವೀಕ್ಷಣಾಲಯದಲ್ಲಿ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮುಖದ ಮೇಲೆ ಒಂದು ಬಿಳಿ ಮಿಂಚು ಕಂಡರು. ಹದಿನೇಳು-ಹದಿನೆಂಟು ಗಂಟೆಗಳ ನಂತರ ಅದರ ಪೆಟ್ಟು ಭೂಮಿಗೆ ಬಿತ್ತು. ಟೆಲಿಗ್ರಾಫ್ ಯಂತ್ರಗಳು ಕಿಡಿ ಕಾರಿದವು. ಕೊಲಾಬಾದಲ್ಲಿ ಕಾಂತಮಾಪಕವನ್ನು ನೋಡಿ ನೋಡಿ ಕೈಯಲ್ಲಿ ಅಂಕಿ ಬರೆದಿಡುತ್ತಿದ್ದವರು ಸೆಪ್ಟೆಂಬರ್ 2ರಂದು ಸುಮಾರು 1600 ನ್ಯಾನೊಟೆಸ್ಲಾದ ಕುಸಿತವನ್ನು ದಾಖಲಿಸಿದರು. ಆ ಪುಸ್ತಕಗಳು ಕಪಾಟಿನಲ್ಲೇ ಉಳಿದವು. 2003ರಲ್ಲಿ ಐಐಜಿಯ ಜಿ.ಎಸ್. ಲಖಿನಾ ಮತ್ತು ಎಸ್. ಅಲೆಕ್ಸ್ ವಿದೇಶದ ಸಹೋದ್ಯೋಗಿಗಳ ಜೊತೆ ಸೇರಿ ಅದೇ ಅಂಕಿಗಳನ್ನು ಹೊರತೆಗೆದು ಪ್ರಬಂಧ ಬರೆದಾಗ ಜಗತ್ತೇ ಮುಂಬಯಿಯ ಕಡೆ ತಿರುಗಿ ನೋಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದೆಂದು ತಿಳಿದಾಗ, ಅದರ ತಂತಿಗಳು ಸೂಜಿಯನ್ನು ಕದಲಿಸಬಾರದೆಂದು ಆಗಿನ ನಿರ್ದೇಶಕ ನಾನಾಭಾಯಿ ಮೂಸ್ 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ತೆರೆದರು. ಎರಡು ಕಡೆಯೂ ಒಟ್ಟಿಗೆ ಅಳತೆ ನಡೆಸಿ, ತಾಳೆ ನೋಡಿದ ಮೇಲೆಯೇ ಕೊಲಾಬಾದ ಅಳತೆ ನಿಲ್ಲಿಸಿದರು. ಮಳೆಗಾಲ, ಪ್ಲೇಗು, ಯುದ್ಧ, ಯಾವುದಕ್ಕೂ ಸರಣಿ ತುಂಡಾಗದಂತೆ ಕಾಯ್ದ ಈ ಹಟವನ್ನು ನಾನು ಯಾವ ಉಡಾವಣೆಗೂ ಕಡಿಮೆಯೆಂದು ಎಣಿಸಲಾರೆ.

ಸೂರ್ಯನನ್ನೇ ನೋಡುತ್ತ ಕೂರಲು ಇಸ್ರೋ ಕಳಿಸಿದ ಆದಿತ್ಯ ಎಲ್1 ಹಾರಿದ್ದೂ ಸೆಪ್ಟೆಂಬರ್ 2ರಂದೇ, 2023ರಲ್ಲಿ. ಕೊಲಾಬಾದ ಆ ಅಂಕಿ ಬರೆದು ಸರಿಯಾಗಿ 164 ವರ್ಷ.

ಇದಕ್ಕೂ ಉದ್ಯೋಗಕ್ಕೂ ಏನು ಸಂಬಂಧ ಎಂದು ಕೇಳಬಹುದು. 2022ರ ಫೆಬ್ರವರಿಯಲ್ಲಿ ಒಂದು ಸಾಧಾರಣ ಕಾಂತಬಿರುಗಾಳಿಗೆ ಮೇಲಿನ ವಾಯುಮಂಡಲ ಬಿಸಿಯೇರಿ ಉಬ್ಬಿತು. ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ಉದುರಿಹೋದವು. ಉಪಗ್ರಹಗಳು ಹೆಚ್ಚಿದಷ್ಟೂ ಈ ಹವಾಮಾನ ಹೇಳುವವರ ಅಗತ್ಯ ಹೆಚ್ಚುತ್ತದೆ. ಕಲ್ಯಾಣದ ಬಿರ್ಲಾ ಕಾಲೇಜಿನಲ್ಲೋ ಥಾಣೆಯ ಬಾಂದೋಡ್ಕರ್ ಕಾಲೇಜಿನಲ್ಲೋ ಬಿಎಸ್ಸಿ ಫಿಸಿಕ್ಸ್ ಮಾಡುತ್ತ, ‘ಇಂಜಿನಿಯರಿಂಗ್ ಸಿಗಲಿಲ್ಲ’ ಎಂದು ತಲೆ ತಗ್ಗಿಸಿ ನಡೆಯುವ ಹುಡುಗನಿಗೆ ಈ ದಾರಿ ತೆರೆದಿದೆ. ಎಂಎಸ್ಸಿ ಮುಗಿಸಿ ನೆಟ್, ಗೇಟ್ ಅಥವಾ ಜೆಸ್ಟ್ ಬರೆದರೆ ಪನ್ವೇಲಿನಲ್ಲೇ ಪಿಎಚ್‌ಡಿ. ಕೊಲಾಬಾದ ಟಿಐಎಫ್‌ಆರ್, ಅಹಮದಾಬಾದಿನ ಪಿಆರ್‌ಎಲ್, ಬೆಂಗಳೂರಿನ ಐಐಎ ಸಂಶೋಧನಾ ಸಂಸ್ಥೆಗಳೂ ಹೀಗೆಯೇ ಕರೆಯುತ್ತವೆ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರೂ ಇಂಜಿನಿಯರ್ ಆಗಿರಲಿಲ್ಲ. ಅನಂತಪುರದಲ್ಲಿ ಬಿಎಸ್ಸಿ, ಬನಾರಸಿನಲ್ಲಿ ಎಂಎಸ್ಸಿ, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳ ಮೇಲೆ ಸಂಶೋಧನೆ. ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿಸಿ 1975ರ ಏಪ್ರಿಲ್ 19ರಂದು ಕಕ್ಷೆಗೆ ಸೇರಿಸಿದ್ದು ಆ ಭೌತವಿಜ್ಞಾನಿ.

ಕಾಲೇಜು ಹುಡುಗರ ಉಪಗ್ರಹ

2016ರ ಸೆಪ್ಟೆಂಬರ್ 26ರಂದು ಹಾರಿದ ಪಿಎಸ್‌ಎಲ್‌ವಿ-ಸಿ35ರಲ್ಲಿ ನಮ್ಮ ಎರಡೂ ಊರುಗಳು ಒಟ್ಟಿಗೆ ಕೂತಿದ್ದವು. ಪೊವಾಯಿಯ ಐಐಟಿ ವಿದ್ಯಾರ್ಥಿಗಳ ‘ಪ್ರಥಮ್’ ಒಂದು, ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ‘ಪೈಸ್ಯಾಟ್’ ಇನ್ನೊಂದು. ಸುಮಾರು ಹತ್ತು ಕಿಲೋ ತೂಕದ ಪ್ರಥಮ್ ಅಯಾನುಗೋಳದ ಇಲೆಕ್ಟ್ರಾನ್ ಎಣಿಸಲು ಹೊರಟಿತ್ತು. ಅದು ಶುರುವಾದದ್ದು 2007ರ ಸುಮಾರಿಗೆ. ಮೊದಲು ಕನಸು ಕಂಡ ಹುಡುಗರು ಅದು ಹಾರುವಾಗ ಕಾಲೇಜು ಬಿಟ್ಟು ವರ್ಷಗಳೇ ಆಗಿದ್ದವು. ತಾನು ಬೆಸುಗೆ ಹಾಕಿದ ಸರ್ಕಿಟ್ಟನ್ನು ಮುಂದಿನ ವರ್ಷದ ಹುಡುಗಿಗೆ ಅರ್ಥವಾಗುವಂತೆ ಬರೆದಿಟ್ಟು ಹೋಗುವುದು, ಹಿಂದಿನವನ ತಪ್ಪನ್ನು ಬೈಯದೆ ತಿದ್ದುವುದು, ಇವನ್ನು ಯಾವ ಪಠ್ಯವೂ ಕಲಿಸದು. ಅದಕ್ಕೂ ಮೊದಲು 2010ರ ಜುಲೈ 12ರಂದು ಬೆಂಗಳೂರು ಮತ್ತು ಹೈದರಾಬಾದಿನ ಕಾಲೇಜು ಹುಡುಗರ ‘ಸ್ಟುಡ್‌ಸ್ಯಾಟ್’ ಒಂದು ಕಿಲೋಗೂ ಕಡಿಮೆ ತೂಗುತ್ತ ಹಾರಿತ್ತು.

ಐಐಟಿಯವರಿಗಷ್ಟೇ ಇದು ಸಾಧ್ಯ ಎನ್ನುವವರಿಗೆ ಸಾಯನ್‌ನ ಕೆ.ಜೆ. ಸೋಮಯ್ಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು ತೋರಿಸುತ್ತೇನೆ. ಥಾಣೆ, ಕಲ್ಯಾಣ್, ವಾಶಿಗಳಿಂದ ಲೋಕಲಿನಲ್ಲೇ ಹೋಗಿಬರಬಹುದಾದ ಕಾಲೇಜು ಅದು. 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58 ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಮೇಲೆ, ಅದರ ನಾಲ್ಕನೆಯ ಹಂತವನ್ನೇ ಪ್ರಯೋಗಶಾಲೆಯಾಗಿ ಸುತ್ತಿಸಲಾಯಿತು. ‘ಪೋಯಮ್’ ಎಂದು ಅದರ ಹೆಸರು. ಅದರ ಮೇಲೆ ಈ ಕಾಲೇಜಿನ ‘ಬಿಲೀಫ್‌ಸ್ಯಾಟ್-0’ ಎಂಬ ಹವ್ಯಾಸಿ ರೇಡಿಯೊ ಉಪಕರಣ ಕೂತಿತ್ತು. ಈ ಹವ್ಯಾಸಿ (ಹ್ಯಾಮ್) ರೇಡಿಯೊ ಲೈಸೆನ್ಸಿಗೆ 12 ವರ್ಷ ತುಂಬಿದರೆ ಸಾಕು, ಪರೀಕ್ಷೆ ಬರೆಯಬಹುದು. ಬಾಲ್ಕನಿಯಲ್ಲಿ ಕೈಯಾರೆ ಮಾಡಿದ ಆಂಟೆನಾ ಹಿಡಿದು, ತಲೆಯ ಮೇಲೆ ಹಾದುಹೋಗುವ ಉಪಗ್ರಹದ ದನಿಯನ್ನು ಒಮ್ಮೆ ಹಿಡಿದ ಮಗುವಿಗೆ ಎಲೆಕ್ಟ್ರಾನಿಕ್ಸ್ ಯಾಕೆ ಕಲಿಯಬೇಕೆಂದು ಯಾರೂ ಹೇಳಬೇಕಾಗುವುದಿಲ್ಲ. ಶಾಲೆಗಳು ಏರ್ಪಡಿಸುವ ಲಕ್ಷಗಟ್ಟಲೆ ರೂಪಾಯಿಯ ನಾಸಾ ಪ್ರವಾಸಕ್ಕೆ ಸಾಲ ಮಾಡಲು ಹೊರಟ ಪೋಷಕರಿಗೆ ನಾನು ಇದನ್ನೇ ಹೇಳುವುದು: ಆ ಹಣದ ಚಿಕ್ಕ ಪಾಲಿನಲ್ಲಿ ಒಂದು ರೇಡಿಯೊ, ಒಂದು ಬೆಸುಗೆ ಕಡ್ಡಿ, ಒಂದು ಬೈನಾಕ್ಯುಲರ್ ಬರುತ್ತದೆ. ನಾಸಾದ ಕಾಯಂ ನೌಕರಿಗೆ ಅಮೆರಿಕದ ಪೌರತ್ವ ಬೇಕು. ಅಲ್ಲಿನ ರಾಕೆಟ್ ಕಂಪನಿಗಳಲ್ಲೂ ರಫ್ತು ನಿಯಂತ್ರಣ ಕಾನೂನಿನ ಅಡ್ಡಿ ದೊಡ್ಡದು. ಪ್ರವಾಸದ ಪ್ರಮಾಣಪತ್ರ ಆ ಬಾಗಿಲನ್ನು ತೆರೆಯುವುದಿಲ್ಲ.

ಒಂಬತ್ತನೆಯ ತರಗತಿಯವರಿಗೆ 2019ರಿಂದ ಇಸ್ರೋದ ‘ಯುವಿಕಾ’ ಬೇಸಿಗೆ ಶಿಬಿರ ಇದೆ, ಹಳ್ಳಿಯ ಮಕ್ಕಳಿಗೆ ಅದರಲ್ಲಿ ಹೆಚ್ಚಿನ ಒತ್ತು. ಖಗೋಳ ಒಲಿಂಪಿಯಾಡಿಗೆ ತಯಾರಾಗುವ ಮಕ್ಕಳ ಶಿಬಿರ ನಡೆಯುವುದು ಮಾನ್‌ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ, ವಾಶಿಯ ಖಾರಿ ದಾಟಿದರೆ ಮೊದಲ ಸ್ಟೇಷನ್ನು. 2025ರ ಆಗಸ್ಟಿನಲ್ಲಿ ಅಂತಾರಾಷ್ಟ್ರೀಯ ಖಗೋಳ ಒಲಿಂಪಿಯಾಡ್ ಮುಂಬಯಿಯಲ್ಲೇ ನಡೆಯಿತು.

ಖಾಸಗಿಯವರ ಸುದ್ದಿ ಈಗ ಎಲ್ಲ ಪತ್ರಿಕೆಗಳಲ್ಲೂ ಇದೆ. 2020ರಲ್ಲಿ ಸರಕಾರ ಇನ್‌ಸ್ಪೇಸ್ ಸಂಸ್ಥೆ ಸ್ಥಾಪಿಸಿ ಬಾಗಿಲು ತೆರೆದ ಮೇಲೆ ಹೈದರಾಬಾದಿನ ಸ್ಕೈರೂಟ್, ಚೆನ್ನೈನ ಅಗ್ನಿಕುಲ್, ಬೆಂಗಳೂರಿನ ಪಿಕ್ಸೆಲ್ ಮತ್ತು ಬೆಲ್ಲಾಟ್ರಿಕ್ಸ್ ಹೆಸರು ಮಾಡಿವೆ. ನಮ್ಮ ಸೀಮೆಯಲ್ಲೇ, ಮಹಾಪೆಯಲ್ಲಿ, ಟಾಟಾ ಬಳಗದ ನೆಲ್ಕೊ ಇದೆ; ಹಡಗು, ವಿಮಾನ, ದೂರದ ಎಟಿಎಂಗಳಿಗೆ ಉಪಗ್ರಹದ ಮೂಲಕ ಸಂಪರ್ಕ ಕೊಡುವ ಕಂಪನಿ. ಉಪಗ್ರಹ ಮೇಲೆ ಹೋದ ನಂತರದ ದುಡಿಮೆಯೇ ಈ ಉದ್ಯಮದಲ್ಲಿ ಹೆಚ್ಚು. ಭೂಗೋಳ ಓದಿದವರಿಗೂ ಅಲ್ಲಿ ಪಾಲಿದೆ. 2022ರಲ್ಲಿ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿ ಸೇರಿದ ಥಾಣೆ ಖಾರಿಯ ಕಾಂಡ್ಲಾ ಕಾಡು ಎಷ್ಟು ಉಳಿದಿದೆ, ಎಷ್ಟು ಹೋಯಿತು ಎಂಬ ಲೆಕ್ಕ ಸಿಗುವುದು ಉಪಗ್ರಹ ಚಿತ್ರ ಓದಬಲ್ಲವರಿಂದ. ಡೆಹ್ರಾಡೂನಿನ ಐಐಆರ್‌ಎಸ್ ಈ ವಿದ್ಯೆಯ ಕೋರ್ಸುಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ನಡೆಸುತ್ತದೆ.

ಮುಂಬಯಿ ಕನ್ನಡಿಗರಿಗೆ ಈ ನೌಕರಿಗಳಲ್ಲಿ ಇನ್ನೊಂದು ರುಚಿ ಇದೆ. ಉಪಗ್ರಹ ಕಟ್ಟುವುದು ಬೆಂಗಳೂರಿನಲ್ಲಿ, ಭೂಸ್ಥಿರ ಉಪಗ್ರಹಗಳನ್ನು ಕಾಯುವುದು ಹಾಸನದಲ್ಲಿ. ಅಜ್ಜ ಘಟ್ಟದ ಕೆಳಗಿನಿಂದ ಬಸ್ಸು ಹತ್ತಿ ಇಲ್ಲಿಗೆ ಬಂದ. ಮೊಮ್ಮಗಳು ನೇಮಕಾತಿ ಪತ್ರ ಹಿಡಿದು ಹಾಸನಕ್ಕೆ ಹೊರಟರೆ ಊರಿನ ದೈವದ ಕೋಲಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗಿಬರಬಹುದು.

ಕಳೆದ ಚಳಿಗಾಲದ ಒಂದು ಶನಿವಾರ ಪಕ್ಕದ ಮನೆಯ ಇಬ್ಬರು ಮಕ್ಕಳ ಜೊತೆ ಕರ್ಜತ್ ಲೋಕಲ್ ಹತ್ತಿ ವಾಂಗಣಿಗೆ ಹೋದೆ. ಬದ್ಲಾಪುರದಾಚೆಯ ಆ ಊರಿನಲ್ಲಿ ಖಗೋಲ ಮಂಡಲದ ಹವ್ಯಾಸಿಗಳು 1980ರ ದಶಕದಿಂದ ಆಕಾಶ ತೋರಿಸುತ್ತ ಬಂದಿದ್ದಾರೆ. ರಾತ್ರಿಯಿಡೀ ಗದ್ದೆಯ ಬದುವಿನಲ್ಲಿ ಕೂತೆವು. ದೊಡ್ಡವಳು ದೂರದರ್ಶಕದ ಸಾಲಿನಲ್ಲಿ ನಿಂತಳು. ಚಿಕ್ಕವನು ಎಂಟರ ತರಗತಿ. ಅವನಿಗೆ ನಕ್ಷತ್ರಕ್ಕಿಂತ ದೂರದರ್ಶಕವನ್ನು ತಿರುಗಿಸುವ ಗೇರಿನ ಮೇಲೆಯೇ ಕಣ್ಣು. ‘ಇದನ್ನು ಯಾರು ಮಾಡಿದ್ದು?’ ಎಂದು ಮೂರು ಸಲ ಕೇಳಿದ. ನಸುಕಿನ ಮೊದಲ ಗಾಡಿಯಲ್ಲಿ ಮರಳುವಾಗ ಇಬ್ಬರಿಗೂ ನಿದ್ದೆ. ಅಂಬರನಾಥ ಬಂದಾಗ ಚಿಕ್ಕವನನ್ನು ತಟ್ಟಿ ಎಬ್ಬಿಸಿ, ಇಲ್ಲಿ ಗೇರು ಕಟೆಯಲು ಕಲಿಸುವ ಶಾಲೆ ಇದೆ ಎಂದೆ. ಅವನು ಕಣ್ಣುಜ್ಜಿಕೊಂಡು ಬಾಗಿಲಿನ ತನಕ ಹೋಗಿ, ಗಾಡಿ ಹೊರಡುವವರೆಗೂ ಹೊರಗೆ ನೋಡುತ್ತ ನಿಂತಿದ್ದ.